ಸರ್ವಮಂಗಳೆಯ ಕೈಗುಣ

"ಏ, ಯಾರ್ರೀ ಅದು? ಕೈ ತೆಗೀರಿ ಗಿಡದ ಮೇಲಿಂದ!"

ಕೂಗಿಕೊಂಡೇ ಸರ್ವಮಂಗಳ ಹಿತ್ತಿಲಿಗೆ ಓಡಿಬಂದಳು. ಅಷ್ಟರಲ್ಲಿ ಅನಾಹುತ ನಡೆದುಹೋಗಿತ್ತು. ಗುಲಾಬಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ ಅಪರಿಚಿತನ ಒಂದು ಕೈಯಲ್ಲಿ ಪುಟ್ಟ ಚಾಕು, ಇನ್ನೊಂದು ಕೈಯಲ್ಲಿ ಆಳೆತ್ತರದ ಮೂರು ಹಸಿರು ಕೊಂಬೆ. ಗಿಡದಲ್ಲಿ ಉಳಿದದ್ದು ಗೇಣುದ್ದದ ಎರಡು ಬಡಕಲು ಕಡ್ಡಿ ಮಾತ್ರ.

ಅವನು ಗಡಬಡಿಸಿ ಎದ್ದ. ಇಪ್ಪತ್ತೇಳು ಇಪ್ಪತ್ತೆಂಟರ ಪ್ರಾಯ, ಖಾದಿ ಅಂಗಿ, ಸೈಕಲ್ಲಿನ ಚೈನಿಗೆ ಸಿಗದಂತೆ ಪಾದದ ಹತ್ತಿರ ಕ್ಲಿಪ್ಪು ಹಾಕಿದ ಪ್ಯಾಂಟು.

"ನಮಸ್ಕಾರ. ನಾನು ಹೊಸ ಗ್ರಾಮಸೇವಕ, ಚಂದ್ರಶೇಖರಪ್ಪ ಅಂತ. ಗೊಬ್ಬರದ ಗುಂಡಿಗೆ ಅಳತೆ ತಗೊಳ್ಳಿ ಅಂತ ನಿಮ್ಮ ತಂದೆಯವ್ರು ಹೇಳಿದ್ರು. ಹಾಗೇ ಇದು ಕಣ್ಣಿಗೆ ಬಿತ್ತು."

"ಕಣ್ಣಿಗೆ ಬಿದ್ದಿದ್ದನ್ನೆಲ್ಲ ಕೊಯ್ಕೊಂತ ಹೋಗ್ತೀರೇನು?"

"ಇದು ಗುಲಾಬಿ ಅಲ್ಲ ಮಾರಾಯ್ರೆ! ಬೆಂಗಳೂರಿನ ಗುಲಾಬೀನ ಕಾಡುಗುಲಾಬಿಯ ಬೇರಿಗೆ ಕಸಿ ಕಟ್ಟಿರ್ತಾರೆ. ಆ ಬೇರಿಂದ ಚಿಗುರು ಬಂದ್ರೆ ಸಾರ ಎಲ್ಲಾ ಅದೇ ಹೀರ್ತದೆ, ಮೇಲಿನ ಒಳ್ಳೇ ಗಿಡ ಸೊರಗ್ತದೆ. ಬೇಕಾದ್ರೆ ಎಲೆ ಎಣಿಸಿ ನೋಡಿ. ನಾ ಕೊಯ್ದಿದ್ರಲ್ಲಿ ಕಡ್ಡಿಗೆ ಏಳೇಳು ಎಲೆ, ಉಳಿದಿರೋದ್ರಲ್ಲಿ ಐದೈದು."

ಸರ್ವಮಂಗಳ ಎಣಿಸಲಿಲ್ಲ. ಎಣಿಸಲು ಕಣ್ಣು ಕಾಣಬೇಕಲ್ಲ, ಅದು ಆಗಲೇ ತುಂಬಿಕೊಂಡಿತ್ತು.

"ಏಳಿರ್ಲಿ, ಎಪ್ಪತ್ತಿರ್ಲಿ. ನನ್ನ ಕೈಯಾಗೆ ಬೆಳೆದಿದ್ದು ಅದೊಂದೇ ಆಗಿತ್ತು," ಎಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗ್ರಾಮಸೇವಕ ಮೂರು ಕೊಂಬೆಗಳನ್ನು ಹಿಡಿದು ಅಲ್ಲೇ ನಿಂತ. ಅವುಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದ. ಅಳತೆ ತೆಗೆಯುವುದನ್ನೇ ಮರೆತಿದ್ದ.

ಇದು ನಡೆದದ್ದು ೧೯೫೮ರ ಶ್ರಾವಣದಲ್ಲಿ, ಶಿರಾಳಕೊಪ್ಪದ ಜವಳಿ ಅಂಗಡಿಯ ಮಹೇಶ್ವರಪ್ಪನವರ ಮನೆಯ ಹಿತ್ತಿಲಲ್ಲಿ. ಒಂದು ಗಿಡಕ್ಕೆ ಇಷ್ಟು ಅಳುವುದೇ ಎಂದು ಕೇಳುವವರು ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಮಹೇಶ್ವರಪ್ಪನವರ ಒಬ್ಬಳೇ ಮಗಳು ಸರ್ವಮಂಗಳೆಗೆ ಆನವಟ್ಟಿಯ ಕಡೆಯ ಹುಡುಗನೊಂದಿಗೆ ನಿಶ್ಚಯವಾಗಿತ್ತು. ಲಗ್ನಕ್ಕೆ ಹದಿನೈದು ದಿನ ಇರುವಾಗ ಹುಡುಗ ವಿಷಮಶೀತ ಜ್ವರದಲ್ಲಿ ತೀರಿಕೊಂಡ. ಅವಳು ಅವನನ್ನು ನೋಡಿದ್ದು ಒಂದೇ ಸಲ, ಅದೂ ತಲೆ ತಗ್ಗಿಸಿಕೊಂಡು. ಅವನ ಕೈಬೆರಳಿನ ಉಂಗುರವೊಂದೇ ಅವಳಿಗೆ ನೆನಪಿದ್ದದ್ದು.

ಕೇರಿಯ ಹೆಂಗಸರು ಅವಳಿಗೆ ಎದುರಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಿಯಾದರೂ ಮುಗಿಸಬಹುದಿತ್ತು. ಅವರು ಪ್ರೀತಿಯಿಂದಲೇ ದೂರವಿಟ್ಟರು. ಪಕ್ಕದ ಮನೆ ಬಸಕ್ಕನ ಮೊಮ್ಮಗುವಿನ ತೊಟ್ಟಿಲ ದಿನ ಆರತಿ ತಟ್ಟೆಗೆ ಕೈ ಹಾಕಿದಾಗ ಬಸಕ್ಕ ನಗುನಗುತ್ತಲೇ ತಟ್ಟೆ ಇಸಿದುಕೊಂಡು, "ನೀ ಕುಂತ್ಕ ಮಗಳೇ, ಬೆಳಿಗ್ಗಿಂದ ದಣಿದೀಯ," ಎಂದಿದ್ದಳು. ಅಂದು ಸರ್ವಮಂಗಳ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಮಗಳು ಮಂಕಾದಳೆಂದು ಮಹೇಶ್ವರಪ್ಪನವರು ಜವಳಿ ತರಲು ಬೆಂಗಳೂರಿಗೆ ಹೋದಾಗಲೆಲ್ಲ ಒಂದು ಕಸಿ ಗುಲಾಬಿ ತಂದುಕೊಟ್ಟರು. ಮೊದಲನೆಯದು ಎರಡು ತಿಂಗಳಿಗೆ ಒಣಗಿತು. ಎರಡನೆಯದು ಒಂದು ಹೂ ಬಿಟ್ಟು ಒಣಗಿತು. ಮೂರನೆಯದು ಆ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಗೋಡೆಯಾಚೆ ಬಸಕ್ಕನ ಹಿತ್ತಿಲಲ್ಲಿ ಮಾತ್ರ, ಬಿದ್ದ ಹಳೇ ಗೋಡೆಯ ಮಣ್ಣಿನ ದಿಬ್ಬದ ಮೇಲೆ, ನಾಟಿ ಗುಲಾಬಿಯೊಂದು ಯಾರ ಹಂಗೂ ಇಲ್ಲದೆ ಬುಟ್ಟಿಗಟ್ಟಲೆ ಹೂ ಬಿಡುತ್ತಿತ್ತು. "ಕೈಗುಣ ಅಂತ ಒಂದು ಇರ್ತೈತೆ ಬಿಡ್ರಿ," ಎಂದು ಹೆಂಗಸರು ತಗ್ಗಿದ ದನಿಯಲ್ಲಿ ಆಡಿಕೊಂಡರು. ಕೇಳಬಾರದ ಮಾತನ್ನು ಎಷ್ಟು ತಗ್ಗಿಸಿ ಆಡಿದರೂ ಅದು ಕೇಳಬಾರದವರಿಗೆ ಕೇಳಿಯೇ ಕೇಳುತ್ತದೆ.

ಸರ್ವಮಂಗಳ ಅದನ್ನು ನಂಬಿದಳು. ಅಂದಿನಿಂದ ಬೀಜ ಬಿತ್ತುವುದನ್ನು ಬಿಟ್ಟಳು. ಹಾಲಿಗೆ ಹೆಪ್ಪು ಹಾಕುವುದನ್ನೂ ಬಿಟ್ಟಳು. ಸಂಜೆ ಹಾಲು ಕಾಸಿ, ಆರಿಸಿ, ಹೆಪ್ಪಿನ ಬಟ್ಟಲನ್ನು ಅಜ್ಜಿ ಮಹಾದೇವಮ್ಮನ ಮುಂದಿಟ್ಟು ದೂರ ಸರಿಯುತ್ತಿದ್ದಳು. ಅಜ್ಜಿ ಏನೂ ಕೇಳದೆ ಹೆಪ್ಪು ಹಾಕುತ್ತಿದ್ದಳು.

ಅಪ್ಪ ನಾಲ್ಕನೆಯ ಗಿಡ ತಂದಾಗ ಅವಳು ಬೇಡವೆಂದೇ ಅಂದಿದ್ದಳು. ಆದರೆ ಅದು ಬೆಳೆಯಿತು! ಬುಡದಿಂದ ಮೂರು ಕೊಂಬೆ ಸರಸರನೆ ಎದ್ದು ಅವಳ ಎತ್ತರಕ್ಕೆ ಬಂದವು. ಹೂವಿರಲಿಲ್ಲ, ಇರದಿದ್ದರೇನು, ಜೀವವಿತ್ತು. ಆ ಮೂರು ಕೊಂಬೆಗಳನ್ನೇ ಗ್ರಾಮಸೇವಕ ಚಾಕು ಹಾಕಿ ಕೊಯ್ದದ್ದು.

ಹದಿನೈದು ದಿನದಲ್ಲಿ ಉಳಿದ ಎರಡು ಕಡ್ಡಿಗಳೂ ಕಪ್ಪಾಗಿ ಸತ್ತವು.

ಅಷ್ಟರಲ್ಲಿ ಚಂದ್ರಶೇಖರಪ್ಪ ಬಸಕ್ಕನ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದ. ಎರಡು ಹಿತ್ತಿಲುಗಳ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಒಂದು ಬೆಳಿಗ್ಗೆ ಸರ್ವಮಂಗಳ ಬಟ್ಟೆ ಹರವುತ್ತಿದ್ದಾಗ ಅವನ ತಲೆ ಗೋಡೆಯ ಮೇಲೆ ಮೂಡಿತು.

"ಗಿಡ ಸತ್ತುಹೋಯ್ತಂತೆ. ಬಸಕ್ಕ ಹೇಳಿದ್ರು. ನನ್ನ ತಪ್ಪು. ನಿಮಗೊಂದು ಮಾತು ಕೇಳದೆ ಚಾಕು ಹಾಕ್ಬಾರ್ದಿತ್ತು."

"ನಿಮ್ದೇನೂ ತಪ್ಪಿಲ್ಲ ಬಿಡ್ರಿ," ಎಂದಳು ಅವಳು, ಸೀರೆಯ ಮರೆಯಿಂದ. "ನನ್ನ ಕೈಗೆ ಏನೂ ಏಳಲ್ಲ."

"ಎಂತ ಹಾಗಂದ್ರೆ?"

ಸೊರಬದ ಕಡೆಯವರ ಈ 'ಎಂತ' ಅವಳಿಗೆ ವಿಚಿತ್ರವಾಗಿ ಕೇಳಿಸಿತು. ಎಷ್ಟು ವಿಚಿತ್ರವೆಂದರೆ ಎರಡು ವರ್ಷದಿಂದ ಯಾರಿಗೂ ಹೇಳದ್ದನ್ನು ಆ ಒಂದು ಮಾತಿಗೆ ಹೇಳಿಬಿಟ್ಟಳು. ನಿಶ್ಚಯವಾದ ಹುಡುಗನ ಸುದ್ದಿ, ಮೂರು ಗಿಡಗಳ ಸುದ್ದಿ, ಆರತಿ ತಟ್ಟೆಯ ಸುದ್ದಿ. ಹೇಳುವಷ್ಟು ಹೊತ್ತೂ ಒಂದೇ ಸೀರೆಯನ್ನು ನಾಲ್ಕು ಸಲ ಕೊಡವಿ ಹರವಿದಳು.

ಮುಗಿದ ಮೇಲೆ ಅವನು ಕೇಳಿದ. "ನೀರು ಎಷ್ಟು ಹಾಕ್ತಿದ್ರಿ?"

"ಮೂರು ದಿವ್ಸಕ್ಕೊಂದು ಚೊಂಬು. ಮಳೆಗಾಲದಾಗೆ ಅದೂ ಇಲ್ಲ."

"ಗೊಬ್ಬರ?"

"ಹಳೇ ಸಗಣಿ ಗೊಬ್ಬರ, ಒಂದು ಬೊಗಸೆ."

"ಬಿಸಿಲು?"

"ಮಧ್ಯಾಹ್ನದ ತನಕ ಬೀಳ್ತೈತೆ. ಯಾಕ್ರಿ, ಪರೀಕ್ಷೆಗೆ ಕುಂದ್ರಿಸೀರೇನು?"

"ನೂರಕ್ಕೆ ನೂರು ಬಂತು. ಅದೇ ತೊಂದರೆ," ಎಂದು ಅವನು ತಲೆ ಕೆರೆದುಕೊಂಡ. ಹಿಂತಿರುಗಿ ದಿಬ್ಬದ ನಾಟಿ ಗುಲಾಬಿಯನ್ನು ನೋಡಿದ. "ಇದಕ್ಕೆ ಯಾರು ನೀರು ಹಾಕ್ತಾರೆ?"

"ಯಾರೂ ಇಲ್ಲ. ಆಡು ಬಂದು ಮೇಯ್ದು ಹೋಗ್ತಾವೆ."

"ಅದು ಸ್ವಂತ ಬೇರಿನ ಗಿಡ. ಕಾಂಡ ಸತ್ರೂ ಬೇರಿಂದ ಮತ್ತೆ ಅದೇ ಎದ್ದು ಬರ್ತದೆ. ಕಸಿ ಗಿಡ ಹಾಗಲ್ಲ, ಎರವಲು ಬೇರಿನ ಮೇಲೆ ನಿಂತಿರ್ತದೆ. ಕಸಿ ಕಟ್ಟಿದ ಗಂಟಿನ ಮೇಲಿನ ಭಾಗ ಸತ್ರೆ ಮುಗೀತು, ಆಮೇಲೆ ಬರೋದೆಲ್ಲ ಕಾಡು. ಹಾಗಂತ ಸುಮ್ಮಸುಮ್ಮನೆ ಸಾಯೋದೂ ಇಲ್ಲ. ಏನೋ ಕಾರಣ ಇರ್ತದೆ." ಗೋಡೆಗೆ ಮೊಣಕೈ ಊರಿ ಹೇಳಿದ. "ಹೊಸ ಭತ್ತದ ತಳಿ ಬಂದ್ರೆ ರೈತರು ನನ್ನ ಮಾತು ನಂಬೋದಿಲ್ಲ. ಆಗ ನಾನು ಒಂದೇ ಬೀಜಾನ ಎರಡು ಗದ್ದೇಲಿ ಹಾಕಿಸ್ತೀನಿ. ಕಣ್ಣಾರೆ ನೋಡ್ಲಿ ಅಂತ. ನಾವೂ ಹಾಗೇ ಮಾಡೋಣ. ಒಂದೇ ತಾಯಿ ಗಿಡದ ಎರಡು ಕಸಿ ತರ್ತೀನಿ. ಒಂದನ್ನ ನಿಮ್ಮ ಹಿತ್ತಿಲಲ್ಲಿ, ಅದೇ ಜಾಗದಲ್ಲಿ, ನಾನು ನೆಡ್ತೀನಿ. ಇನ್ನೊಂದನ್ನ ಈ ದಿಬ್ಬದ ಮೇಲೆ ನೀವು ನೆಡಿ. ನನ್ನ ಗಿಡಕ್ಕೆ ನಾನೇ ನೀರು ಹಾಕೋದು, ನಿಮ್ಮ ಗಿಡಕ್ಕೆ ನೀವೇ. ಸಂಕ್ರಾಂತಿಗೆ ನೋಡೋಣ, ನಿಮ್ಮ ಕೈ ಕೆಟ್ಟದ್ದೋ ನನ್ನ ಕೈ ಕೆಟ್ಟದ್ದೋ."

"ಎರಡೂ ಸತ್ರೆ?"

"ಎರಡು ಕಡೆನೂ ಬದನೆಕಾಯಿ ಹಾಕೋಣ."

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಹರವಿದ ಸೀರೆಯ ಈ ಕಡೆ ನಕ್ಕದ್ದು ಆ ಕಡೆಗೆ ಕಾಣುವುದಿಲ್ಲವೆಂದುಕೊಂಡಳು. ಗಾಳಿಗೆ ಸೀರೆ ಸರಿಯಿತು, ಅವನು ನೋಡಿದ, ನೋಡಿದ್ದನ್ನು ಅವಳು ನೋಡಿದಳು. ಉಳಿದ ಬಟ್ಟೆಗಳು ಬಕೆಟ್ಟಿನಲ್ಲೇ ಉಳಿದವು.

ದಸರೆಯ ಮಾರನೆಯ ದಿನ ಎರಡೂ ಗಿಡ ನೆಲ ಸೇರಿದವು. ಸರ್ವಮಂಗಳ ದಿಬ್ಬದ ಮೇಲೆ ಗುಂಡಿ ತೋಡಿ ಗಿಡ ಇಟ್ಟಳು. ಅವನು ದೂರ ನಿಂತು, "ನಾನು ಮುಟ್ಟೋದಿಲ್ಲ. ಮುಟ್ಟಿದ್ರೆ ಪರೀಕ್ಷೆ ಕೆಡ್ತದೆ," ಎಂದ. ಅವಳು ಬುಡ ಒತ್ತಿ, ಒಂದು ಚೊಂಬು ನೀರು ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು.

ಮೂರು ದಿನಕ್ಕೊಮ್ಮೆ ಅವನು ತನ್ನ ಗಿಡಕ್ಕೆ ನೀರು ಹಾಕಲು ಮಹೇಶ್ವರಪ್ಪನವರ ಹಿತ್ತಿಲಿಗೆ ಬರತೊಡಗಿದ. ಅವಳು ಬಸಕ್ಕನ ಹಿತ್ತಿಲಿಗೆ ಹೋಗತೊಡಗಿದಳು. ಇಬ್ಬರೂ ಒಂದೇ ಹೊತ್ತಿಗೆ ಗೋಡೆ ಬದಲಾಯಿಸುತ್ತಿದ್ದರಿಂದ ಮಾತೆಲ್ಲ ಗೋಡೆಯ ಮೇಲಿಂದಲೇ ನಡೆಯುತ್ತಿತ್ತು. ಅಜ್ಜಿ ಮಹಾದೇವಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಾ ಕಾವಲಿಗೆ ಕೂರುತ್ತಿದ್ದಳು. ಆ ಅಕ್ಕಿಯಲ್ಲಿ ಮೂರು ತಿಂಗಳಾದರೂ ಕಲ್ಲು ಮುಗಿಯಲೇ ಇಲ್ಲ.

"ನನ್ನ ಗಿಡದಾಗೆ ಹೊಸ ಚಿಗುರು ಬಂದೈತ್ರಿ," ಎಂದಳು ಹದಿನೆಂಟನೆಯ ದಿನ.

"ಎಲೆ ಎಣಿಸಿದ್ರಾ?"

"ಐದು."

"ಸರಿಯಾಗಿ ಎಣಿಸಿದ್ರಾ? ಏಳಿದ್ರೆ ಚಾಕು ತರ್ತೀನಿ."

"ತರ್ರಿ ನೋಡೋಣ! ಈ ಸಲ ನಿಮ್ಮ ಬೆರಳು ಉಳಿದ್ರೆ ಕೇಳ್ರಿ."

ಅವಳ ಗಿಡ ದಿನೇದಿನೇ ಕೆಂಪು ಚಿಗುರು ಹೊಡೆಯಿತು. ಅವನ ಗಿಡ ಮೊದಲ ತಿಂಗಳಲ್ಲೇ ಮುಖ ಬಾಡಿಸಿಕೊಂಡಿತು. ಎಲೆಗಳ ಮೇಲೆ ಕಪ್ಪು ಚುಕ್ಕೆ ಬಿತ್ತು, ಹಳದಿ ತಿರುಗಿ ಒಂದೊಂದೇ ಉದುರಿದವು. ಬೇರೆ ಯಾರಾದರೂ ಆಗಿದ್ದರೆ ಬೇಸರಪಡುತ್ತಿದ್ದರು. ಚಂದ್ರಶೇಖರಪ್ಪ ಕೇರಿಯಲ್ಲೆಲ್ಲ ಸಾರಿಕೊಂಡು ತಿರುಗಿದ.

"ನನ್ನ ಕೈಗುಣ ಭಾರೀ ಕೆಟ್ಟದ್ದು ಬಸಕ್ಕ. ನನ್ನ ಕೈಯಿಂದ ಯಾರೂ ಬೀಜ ಇಸ್ಕೊಬೇಡಿ."

"ಅಯ್ಯ, ಗಂಡಸ್ರಿಗೆ ಎಂಥಾ ಕೈಗುಣ? ಆ ನೆಲಾನೇ ಸರಿ ಇಲ್ಲ," ಎಂದು ಬಸಕ್ಕ ನಕ್ಕಳು.

"ಹೌದಾ? ಹಾಗಾದ್ರೆ ಸರ್ವಮಂಗಳ ಅವ್ರು ನೆಟ್ಟಾಗ ನೆಲ ಸರಿ ಇತ್ತಾ?"

ಬಸಕ್ಕನ ನಗು ನಿಂತಿತು. ಕೆಟ್ಟ ಹೆಂಗಸೇನಲ್ಲ ಅವಳು. ಕೇರುತ್ತಿದ್ದ ಮೊರ ಕೆಳಗಿಟ್ಟು ತುಸು ಹೊತ್ತು ನೆಲ ನೋಡಿದಳು. ಗೋಡೆಯ ಈಚೆ ಸರ್ವಮಂಗಳ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ಗಳಿಗೆಯಲ್ಲೇ ಅವಳಿಗೆ ಅವನ ಮೇಲೆ ಮನಸ್ಸಾಯಿತು. ಅದಕ್ಕೂ ಮೊದಲೇ ಆಗಿತ್ತು ಎನ್ನುವುದು ಅಜ್ಜಿಯ ಅಭಿಪ್ರಾಯ.

ಸಂಕ್ರಾಂತಿ ಕಳೆದ ವಾರ ದಿಬ್ಬದ ಗಿಡದಲ್ಲಿ ಮೊಗ್ಗು ಕಂಡಿತು. ಅವನು ಗೋಡೆಯಾಚೆಯಿಂದ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಅವಳನ್ನು ನೋಡಿದ. ಎಂದಿನ ತಮಾಷೆ ಮುಖದಲ್ಲಿರಲಿಲ್ಲ.

"ಈ ಮೊಗ್ಗು ಅರಳಿದ ದಿನ ನಿಮ್ಮ ತಂದೆಯವ್ರ ಹತ್ರ ಒಂದು ಮಾತು ಕೇಳ್ಬೇಕು ಅಂತಿದೀನಿ. ಅದಕ್ಕೂ ಮೊದಲು ನಿಮ್ಮನ್ನ ಕೇಳ್ಬೇಕಲ್ಲ."

"ಏನ್ ಮಾತು?" ಎಂದಳು, ಗೊತ್ತಿದ್ದೂ.

"ಗೊಬ್ಬರದ ಗುಂಡಿ ವಿಚಾರ ಅಂತೂ ಅಲ್ಲ."

ಅವಳ ಕಿವಿ ಬಿಸಿಯಾಯಿತು. 'ಹೂಂ' ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಆ ಉಂಗುರದ ಬೆರಳು ನೆನಪಾಯಿತು. ಗಿಡವೇನೋ ಬದುಕಿತು, ಗಿಡದ ಮಾತು ಬೇರೆ. ತನ್ನ ಕೈ ಹಿಡಿದ ಮನುಷ್ಯ ಬದುಕಿಯಾನೇ?

"ನಾಳೆ ಹೇಳ್ತೀನ್ರಿ," ಎಂದು ಒಳಗೆ ಓಡಿದಳು.

ನಾಳೆ ಅವನು ಸಿಗಲಿಲ್ಲ. ಅಂಜನಾಪುರದ ಕಾಲುವೆ ಬಯಲಿನ ಹಳ್ಳಿಗಳಿಗೆ ಹೋದವನು ನಾಲ್ಕನೆಯ ದಿನ ಹಲ್ಲು ಕಟಕಟಿಸುತ್ತಾ ಬಂದ. ಚಳಿಜ್ವರ. ಎರಡು ದಿನ ಬಸಕ್ಕನೇ ಗಂಜಿ ಕಾಯಿಸಿ ಕೊಟ್ಟಳು. ಜ್ವರ ಇಳಿಯದಿದ್ದಾಗ ಕಂಬಳಿ ಸುತ್ತಿ, ಗಾಡಿಯಲ್ಲಿ ಕೂರಿಸಿ, ಬಸ್ಸು ಹತ್ತಿಸಿ ಊರಿಗೆ ಕಳಿಸಿದರು. ಅವನ ಊರು ಆನವಟ್ಟಿಯಿಂದ ಒಂದೂವರೆ ಮೈಲಿ. ಅದೇ ಆನವಟ್ಟಿ.

ಸರ್ವಮಂಗಳ ಕಿಟಕಿಯಿಂದ ಕಂಬಳಿಯ ಮುದ್ದೆಯನ್ನಷ್ಟೇ ಕಂಡಳು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಬಸಕ್ಕ ಇವರ ಕಟ್ಟೆಗೆ ಬಂದು, "ದೇವ್ರು ದೊಡ್ಡೋನು," ಎಂದಳು. ಹಾಗೆನ್ನುವಾಗ ಅವಳ ಕಣ್ಣು ಒಂದು ಕ್ಷಣ ಸರ್ವಮಂಗಳೆಯ ಕೈಗಳ ಮೇಲೆ ನಿಂತು ಸರಿಯಿತು. ಆ ಒಂದು ಕ್ಷಣ ಸಾಕಾಯಿತು.

ಎಂಟು ದಿನವಾದರೂ ಅವನ ಸುದ್ದಿ ಬರಲಿಲ್ಲ. ಒಂಬತ್ತನೆಯ ಬೆಳಿಗ್ಗೆ ಅವಳು ಗುದ್ದಲಿ ತೆಗೆದುಕೊಂಡಳು. ಅವನೊಂದಿಗಿನ ಎಲ್ಲ ಲೆಕ್ಕಾಚಾರವನ್ನೂ ಕಿತ್ತುಹಾಕಬೇಕು. ತನ್ನ ಕೈ ತಾಗಿದ ಯಾವುದೂ ಅವನ ಹೆಸರಿನೊಂದಿಗೆ ಇರಬಾರದು. ಮೊದಲು ಇಲ್ಲಿಯ ಗಿಡ, ಆಮೇಲೆ ದಿಬ್ಬದ ಗಿಡ, ಮೊಗ್ಗಿದ್ದರೂ ಸರಿಯೇ. ಹಾಗೆ ಮಾಡಿದರೆ ಅವನು ಉಳಿಯುತ್ತಾನೆ ಎಂದು ಅವಳ ಮನಸ್ಸು ಹೇಳಿತು. ಹೆದರಿದ ಮನಸ್ಸು ಏನು ಬೇಕಾದರೂ ಹೇಳುತ್ತದೆ, ಪಾಪ.

ಎಲೆಯೆಲ್ಲ ಉದುರಿ ಸತ್ತಿದ್ದ ಅವನ ಗಿಡಕ್ಕೆ ಒಂದೇ ಏಟು ಸಾಕಾಯಿತು. ಕೆಸರಿನಿಂದ ಕಾಲು ಕಿತ್ತಂತೆ ಬಂತು. ಬೇರು ಕಪ್ಪಗೆ, ಮೆತ್ತಗೆ ಇತ್ತು. ಕೊಳೆತ ವಾಸನೆ ಹೊಡೆಯಿತು. ಬುಡದ ಸುತ್ತ ಹಳೆಯ ಪತ್ರೆ, ಬಾಡಿದ ಹೂಗಳ ಒದ್ದೆ ರಾಶಿ ಕಸಿಯ ಗಂಟನ್ನೇ ಮುಚ್ಚಿತ್ತು. ಕೆಳಗಿನ ಮಣ್ಣು ಹಿಂಡಿದರೆ ನೀರು ತೊಟ್ಟಿಕ್ಕುವಂತಿತ್ತು.

ಅವಳು ಗುದ್ದಲಿ ಕೆಳಗಿಟ್ಟಳು. ಮಾಘದ ಬಿಸಿಲಿಗೆ ಉಳಿದ ಹಿತ್ತಿಲೆಲ್ಲ ಬಿರುಕು ಬಿಟ್ಟಿದೆ. ನೀರು ಹಾಕುವವನು ಊರಲ್ಲಿಲ್ಲದೆ ಒಂಬತ್ತು ದಿನವಾಯಿತು. ಹಾಗಿದ್ದರೆ ಈ ನೀರು ಎಲ್ಲಿಯದು?

"ತುಸು ಸರಿ ಮಂಗಳಾ," ಎಂಬ ದನಿ ಹಿಂದಿನಿಂದ ಬಂತು. ಹಣೆಯ ತುಂಬ ವಿಭೂತಿ ಬಳಿದುಕೊಂಡ ಅಜ್ಜಿ, ಎರಡೂ ಕೈಯಲ್ಲಿ ತುಂಬಿದ ಚೊಂಬು. "ಪೂಜೆ ನೀರು ಚೆಲ್ಲಿ ಹೋಗ್ತೀನಿ."

ಸರ್ವಮಂಗಳ ಚೊಂಬನ್ನು ನೋಡಿದಳು, ಬೇರನ್ನು ನೋಡಿದಳು. ಆ ಮನೆಯಲ್ಲಿ ನಾಲ್ವರು ಲಿಂಗಪೂಜೆ ಮಾಡುವವರು. ಅಜ್ಜಿ, ಅಪ್ಪ, ಚಿಕ್ಕಪ್ಪ ಬೆನಕಪ್ಪ, ಅವಳು. ಬೆಳಿಗ್ಗೆ ನಾಲ್ಕು ಚೊಂಬು, ಸಂಜೆ ನಾಲ್ಕು. ಪೂಜೆಯ ನೀರು ತುಳಿಯುವ ಜಾಗಕ್ಕೆ ಹೋಗಬಾರದು, ಗಿಡದ ಬುಡಕ್ಕೇ ಸೇರಬೇಕು. ಇಂದು ಬೆಳಿಗ್ಗೆ ಅವಳೂ ಇಲ್ಲೇ ಚೆಲ್ಲಿ ಹೋಗಿದ್ದಳು! 'ನೀರು ಎಷ್ಟು ಹಾಕ್ತಿದ್ರಿ' ಎಂದು ಅವನು ಕೇಳಿದಾಗ ಮೂರು ದಿನಕ್ಕೊಂದು ಚೊಂಬು ಎಂದಿದ್ದಳು. ಸುಳ್ಳು ಹೇಳಿರಲಿಲ್ಲ. ಲಿಂಗಕ್ಕೆ ಎರೆದದ್ದನ್ನು ನೀರು ಎಂದು ಆ ಮನೆಯಲ್ಲಿ ಯಾರೂ ಅಂದುಕೊಂಡೇ ಇರಲಿಲ್ಲ.

"ಅಜ್ಜಿ, ಮುಂಚೆ ಇದನ್ನ ಎಲ್ಲಿ ಹಾಕ್ತಿದ್ವಿ ನಾವು?"

"ಬಾಳೆ ಬುಡಕ್ಕೆ. ನಿಂಗೆ ಹಂಗಾದ ಮ್ಯಾಲೆ ನಾನೇ ಎಲ್ರಿಗೂ ಹೇಳಿ ಈ ಗಿಡಕ್ಕೆ ಹಾಕ್ಸಿದೆ. ನೀ ನೆಟ್ಟಿದ್ದು ಉಳೀಲಿ, ಆ ಶಿವ ನಿನ್ನ ಕೈ ಹಿಡೀಲಿ ಅಂತ. ಒಂದು ಹೋದಾಗ ಇನ್ನೊಂದಕ್ಕೆ ದೊಡ್ಡ ಚೊಂಬು ತಗಂಡೆ." ಅಜ್ಜಿ ಮಾತು ನಿಲ್ಲಿಸಿದಳು. ಮೊಮ್ಮಗಳ ಕೈಯಲ್ಲಿದ್ದ ಕಪ್ಪು ಬೇರು ಈಗ ಅವಳಿಗೂ ಕಂಡಿತು. "ಯಾಕವ್ವ ಹಂಗೆ ನೋಡ್ತೀಯ? ನಾನೇ ಕೊಂದ್ನೇನು?"

ಸರ್ವಮಂಗಳ ಮುದುಕಿಯ ಕೈಯ ಚೊಂಬು ಇಸಿದುಕೊಂಡು, ಮೂಲೆಯ ಬಾಳೆ ಬುಡಕ್ಕೆ ಚೆಲ್ಲಿ ಬಂದು, ಅಜ್ಜಿಯನ್ನು ಮೆಟ್ಟಿಲ ಮೇಲೆ ಕೂರಿಸಿ ತಬ್ಬಿಕೊಂಡಳು.

"ಯಾರೂ ಕೊಲ್ಲಲಿಲ್ಲ ಅಜ್ಜಿ. ನೀರು ಜಾಸ್ತಿ ಆಯ್ತು. ಯಾರ ಕೈಯೂ ಅಲ್ಲ, ಬರೀ ನೀರು."

ಬರೀ ನೀರು. ನಿಶ್ಚಯವಾಗಿದ್ದ ಆ ಹುಡುಗನಿಗೆ ಬಂದದ್ದೂ ಬರೀ ಜ್ವರ. ಪಾಪ, ಇಪ್ಪತ್ನಾಲ್ಕು ವರ್ಷ ಅವನಿಗೆ. ಎರಡು ವರ್ಷದಿಂದ ಅವಳು ತನ್ನ ಕೈಗೆ ಹೆದರಿದ್ದಳೇ ಹೊರತು ಅವನಿಗಾಗಿ ಒಂದು ದಿನವೂ ಅತ್ತಿರಲಿಲ್ಲ. ಈಗ ಅತ್ತಳು. ಅಜ್ಜಿ ಬೆನ್ನು ಸವರುತ್ತಾ ಕೂತಳು.

ಅಳು ನಿಂತ ಮೇಲೆ ಮಹಾದೇವಮ್ಮ ಮೂಗು ಒರೆಸಿಕೊಂಡು ಹೇಳಿದಳು. "ಆ ಸೇವಕಪ್ಪನ ಗಿಡಾನೂ ನಾನೇ ಹಾಳು ಮಾಡೀನಲ್ಲ, ಒಂದು ಮಾತು ಹೇಳ್ಬೇಕು. ಆನವಟ್ಟಿಯಾಗೆ ನನ್ನ ತಂಗಿ ಮನೆ ಐತೆ, ನೋಡಿ ಭಾಳ ದಿವ್ಸ ಆತು. ನಿಮ್ಮಪ್ಪಗೆ ನಾ ಹೇಳ್ತೀನಿ. ನೀ ತಲೆ ಬಾಚ್ಕ."

ದಿಬ್ಬದ ಗಿಡ ಹಾಗೆಯೇ ಉಳಿಯಿತು.

ಮೂರನೆಯ ದಿನ ಅಜ್ಜಿಯ ತಂಗಿಯ ಮನೆಯಿಂದ ಬಾಡಿಗೆ ಗಾಡಿ ಹಿಡಿದು ಅವನ ಊರಿಗೆ ಹೋದಾಗ ಚಂದ್ರಶೇಖರಪ್ಪ ಜಗುಲಿಯ ಬಿಸಿಲಿಗೆ ಶಾಲು ಹೊದ್ದು ಕೂತಿದ್ದ. ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಬಂದಿತ್ತು. ಕಣ್ಣು ಮಾತ್ರ ಹಾಗೇ ಇದ್ದವು. ಅವಳನ್ನು ಕಂಡದ್ದೇ ಗಡಬಡಿಸಿ ಎದ್ದು, ತಲೆ ಸುತ್ತಿ ಮತ್ತೆ ಕೂತ. ಅವನ ತಾಯಿ ಜಗದಾಂಬ ಅಜ್ಜಿಯನ್ನು ಕೈ ಹಿಡಿದು ಒಳಗೆ ಕರೆದೊಯ್ದಳು.

ಸರ್ವಮಂಗಳ ಜಗುಲಿಯ ತುದಿಯಲ್ಲಿ ಕೂತು ಕರವಸ್ತ್ರ ಬಿಚ್ಚಿದಳು.

"ಜ್ವರದೋನನ್ನ ನೋಡೋಕೆ ಬರೋರು ಕಿತ್ತಳೆ ತರ್ತಾರೆ," ಎಂದ ಅವನು. "ನೀವು ಎಂತ ತಂದಿದೀರಿ? ಕೊಳೆತ ಬೇರು!"

"ಕಿತ್ತಳೆ ಅಜ್ಜಿ ಚೀಲದಾಗೈತೆ. ಇದು ನಾ ತಂದಿದ್ದು."

ಒಂದೊಂದಾಗಿ ಹೇಳಿದಳು. ಎಂಟು ಚೊಂಬು ಎಂದಾಗ ಅವನು ಹಣೆ ಚಚ್ಚಿಕೊಂಡ.

"ನನ್ನ ಬುದ್ಧಿಗಿಷ್ಟು! ನೀರೆಷ್ಟು ಅಂತ ಕೇಳಿದೋನು ನಾನೇ. ದಿನಾ ಪೂಜೆ ಮಾಡಿ ಬಸಕ್ಕನ ತೆಂಗಿನ ಬುಡಕ್ಕೆ ಚೆಲ್ಲಿ ಬರೋನೂ ನಾನೇ. ಅದೂ ನೀರೇ ಅಂತ ಒಂದಿನಾನೂ ಹೊಳೀಲಿಲ್ಲ ನೋಡಿ." ನಗಲು ಹೋಗಿ ಕೆಮ್ಮಿದ. ಕೆಮ್ಮು ಇಳಿದ ಮೇಲೆ ಮೆಲ್ಲಗೆ ಕೇಳಿದ. "ನಾಳೆ ಹೇಳ್ತೀನಿ ಅಂದಿದ್ರಿ. ಹದಿನೆಂಟು ದಿನ ಆಯ್ತು. ಜ್ವರದಲ್ಲೂ ಎಣಿಸಿದೀನಿ."

ಅವಳು ತಲೆ ಎತ್ತಿದಳು. ಈ ಸಲ ಉಂಗುರದ ಬೆರಳನ್ನಲ್ಲ, ಎದುರಿದ್ದವನ ಮುಖವನ್ನೇ ಪೂರ್ತಿ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಜಗದಾಂಬ ಕೂಗಿದಳು.

"ಅವ್ವಾ ಮಗಳೇ, ನನ್ನ ಕೈಯೆಲ್ಲ ಹಿಟ್ಟು. ಒಲೆ ಪಕ್ಕ ಹಾಲು ಆರಿದೆ, ಒಂಚೂರು ಹೆಪ್ಪು ಹಾಕ್ತೀಯಾ?"

ಅಡುಗೆಮನೆಯಲ್ಲಿ ಕೂತಿದ್ದ ಮಹಾದೇವಮ್ಮ ಉಸಿರು ಹಿಡಿದಳು. ಏನೂ ಅರಿಯದ ಜಗದಾಂಬ ರೊಟ್ಟಿ ತಟ್ಟುತ್ತಲೇ ಇದ್ದಳು. ಸರ್ವಮಂಗಳ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಬಂದು, ಕೈ ತೊಳೆದು, ಕಿರುಬೆರಳು ಅದ್ದಿ ಹಾಲಿನ ಬಿಸಿ ನೋಡಿದಳು. ಹದವಾಗಿತ್ತು. ಬಟ್ಟಲಿನಿಂದ ಒಂದು ಚಮಚ ಮೊಸರು ಹಾಕಿ, ಕದಡಿ, ತಟ್ಟೆ ಮುಚ್ಚಿದಳು.

ಮೂರು ಗಂಟೆಯ ಬಸ್ಸಿಗೆ ಅವರು ಹೊರಟರು. ಹೆಪ್ಪು ಹಿಡಿಯಿತೋ ಇಲ್ಲವೋ ನೋಡಲು ಅವಳು ನಿಲ್ಲಲಿಲ್ಲ. ಅವನಿಗೆ ಉತ್ತರವನ್ನೂ ಕೊಟ್ಟಿರಲಿಲ್ಲ. ಜಗುಲಿ ಇಳಿಯುವಾಗ, "ಮೊಗ್ಗು ನಾಲ್ಕು ದಿವ್ಸಕ್ಕೆ ಅರಳ್ತೈತೆ. ಬಂದು ಕೇಳ್ರಿ," ಎಂದಳು, ಅಷ್ಟೇ.

ನಾಲ್ಕು ದಿನಕ್ಕೆ ಬರಲು ಅವನ ಕಾಲಿಗೆ ಶಕ್ತಿ ಬಂದಿರಲಿಲ್ಲ. ಎಂಟನೆಯ ದಿನ ಬಂದ. ಬಸ್ಸಿನಿಂದ ಇಳಿದು, ಕೈಯಲ್ಲೊಂದು ಟಿಫಿನ್ ಕ್ಯಾರಿಯರ್ ತೂಗಾಡಿಸುತ್ತಾ, ಕಟ್ಟೆಯ ಮೇಲಿನ ಹೆಂಗಸರೆಲ್ಲ ನೋಡುತ್ತಿರುವಂತೆಯೇ ನೆಟ್ಟಗೆ ಬಸಕ್ಕನ ಹಿತ್ತಿಲಿಗೆ ನಡೆದ. ದಿಬ್ಬದ ಮೇಲೆ ಬೆಂಗಳೂರಿನ ಗುಲಾಬಿ ಅರಳಿತ್ತು. ಅಂಗೈಯಗಲದ ಗಾಢ ಕೆಂಪು ಹೂ. ಅರಳಿ ನಾಲ್ಕು ದಿನವಾಗಿ ಅಂಚಿನ ಎಸಳು ಸಡಿಲಾಗಿದ್ದರೂ ಸರ್ವಮಂಗಳ ಕೊಯ್ದಿರಲಿಲ್ಲ. ನೀರು ಹಾಕುವ ನೆಪದಲ್ಲಿ ಅಲ್ಲೇ ನಿಂತಿದ್ದಳು.

"ಅವ್ವ ಕಳ್ಸಿದಾಳೆ," ಎಂದು ಅವನು ಕ್ಯಾರಿಯರ್ ಮುಂದೆ ಚಾಚಿದ.

ತೆರೆದು ನೋಡಿದಳು. ಮೊಸರು. ಇಷ್ಟು ದೂರ ಬಸ್ಸಿನಲ್ಲಿ ಕುಲುಕಿ ಬಂದರೂ ಗಟ್ಟಿಯಾಗಿ ನಿಂತಿತ್ತು.

"ಆವತ್ತು ನೀವು ಹಾಕಿದ್ರಲ್ಲ, ಆ ಹೆಪ್ಪು. ಅದ್ರ ಮೊಸರೇ ಮಾರನೇ ದಿನಕ್ಕೆ ಹೆಪ್ಪಾಯ್ತು, ಅದ್ರದ್ದು ಅದ್ರ ಮಾರನೇ ದಿನಕ್ಕೆ. ಎಂಟು ದಿನದಿಂದ ಮನೇಲಿ ಇದೇ ಮೊಸರು. ಈ ಹುಡುಗಿ ಕೈಗುಣ ಭಾರೀ ಒಳ್ಳೇದು, ನಮ್ಮನೇಗೆ ಬರ್ತಾಳಾ ಕೇಳ್ಕೊಂಡು ಬಾ ಅಂದ್ಲು ಅವ್ವ."

ಗೋಡೆಯ ಬಳಿ ಬಸಕ್ಕ ಸೊಪ್ಪು ಬಿಡಿಸುತ್ತಿದ್ದಳು. ಕೈಗುಣ ಎಂಬ ಮಾತಿಗೆ ಅವಳ ಕೈ ನಿಂತಿತು.

"ಕೈಗುಣ ಅಲ್ಲ ಅಂತ ಹೇಳ್ರಿ ನಿಮ್ಮವ್ವಾರಿಗೆ," ಎಂದಳು ಸರ್ವಮಂಗಳ, ಬಸಕ್ಕನಿಗೂ ಕೇಳುವಂತೆ. "ಹಾಲು ಹದವಾಗಿ ಬೆಚ್ಚಗಿತ್ತು, ಅಷ್ಟೇ."

"ಅದನ್ನ ನೀವೇ ಬಂದು ಹೇಳಿ."

ಅವಳು ಕ್ಯಾರಿಯರ್ ಮುಚ್ಚಿದಳು. ಹೂವಿನ ಕಡೆ ಒಮ್ಮೆ ನೋಡಿದಳು, ಅವನ ಕಡೆ ಒಮ್ಮೆ.

"ಬರ್ತೀನಿ. ಅಪ್ಪ ಒಳಗದಾರೆ, ಹೋಗಿ ಕೇಳ್ರಿ."

ಅವನು ಹೋದ. ಹೋಗುವ ಅವಸರದಲ್ಲಿ ಕೇರಿ ಸುತ್ತಿ ಹೋಗುವುದನ್ನು ಬಿಟ್ಟು ಮಣ್ಣಿನ ಗೋಡೆ ಹತ್ತಿ ಹಾರಿದ. ಜ್ವರದಿಂದ ಎದ್ದವನೆಂಬುದನ್ನು ಮರೆತು ಹಾರಿದ್ದರಿಂದ ಆಚೆ ಬಾಳೆ ಬುಡದ ಕೆಸರಿನಲ್ಲಿ ಕೂತೇಬಿಟ್ಟ. ಅದೇ ಹೊತ್ತಿಗೆ ಪೂಜೆಯ ಚೊಂಬು ಹಿಡಿದು ಬಂದ ಮಹಾದೇವಮ್ಮ, "ಏಳಪ್ಪ, ಇಲ್ಲಿ ನೀರು ಹಾಕ್ಬೇಕು," ಎಂದಳು.

ಆ ಸಂಜೆ ಮಹೇಶ್ವರಪ್ಪನವರ ಮನೆಯ ಹಾಲಿಗೂ ಆನವಟ್ಟಿಯಿಂದ ಬಂದ ಮೊಸರಿನಿಂದಲೇ ಹೆಪ್ಪು ಬಿತ್ತು. ಅಜ್ಜಿ ಬಟ್ಟಲನ್ನು ತನ್ನ ಮುಂದಿನಿಂದ ಮೊಮ್ಮಗಳ ಕಡೆಗೆ ಸರಿಸಿದಳು. ಹಾಕಿದ್ದು ಸರ್ವಮಂಗಳ.